ಒಂದೇ ಹಕ್ಕಿನಾ, ಎರಡಾ? ಸನ್ನಿವೇಲ್‌ನ ಕೆಂಪು ಗಂಟಲು, ಅರಿಜೋನಾದ ನೇರಳೆ ಮೀಸೆ

ಮರಳುಗಾಡಿನ ಮಲ್ಲಿಗೆ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ವಾರದಿಂದ ಒಂದು ಹಕ್ಕಿಯ ವಿಷಯಕ್ಕೆ ವಾದ ನಡೆದಿದೆ. ನೀವೇ ತೀರ್ಪು ಕೊಡಬೇಕು.

ನಾವು ಆರು ವರ್ಷ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೆವು. ಅಲ್ಲಿ ಬಾಲ್ಕನಿಗೆ ದಿನಾ ಬರುತ್ತಿದ್ದ ಹಮ್ಮಿಂಗ್‌ಬರ್ಡ್ ನನಗೆ ಚೆನ್ನಾಗಿ ಗೊತ್ತು. ಬೆನ್ನು ಹಸಿರು. ಗಂಡಿಗೆ ತಲೆ, ಗಂಟಲು ಎರಡೂ ಕೆಂಪು ಗುಲಾಬಿ, ಬಿಸಿಲು ಬಿದ್ದರೆ ಕುಂಕುಮ ಮೆತ್ತಿದ ಹಾಗೆ. ಹೋದ ನವೆಂಬರ್‌ನಲ್ಲಿ ಅರಿಜೋನಾದಲ್ಲಿ ಫೀನಿಕ್ಸ್ ಪಕ್ಕದ ಚಾಂಡ್ಲರ್‌ಗೆ ಮನೆ ಬದಲಾಯಿಸಿದೆವು. ಫೆಬ್ರವರಿಯಿಂದ ಹಿತ್ತಲಿಗೆ ಒಂದು ಬರುತ್ತಿದೆ. ನನ್ನ ಕಣ್ಣಿಗೆ ಇದು ಸ್ವಲ್ಪ ಚಿಕ್ಕದು. ಬಣ್ಣ ನೇರಳೆ. ಮುಖ್ಯ ವಿಷಯ ಅಂದರೆ, ಗಂಟಲಿನ ಗರಿಗಳು ಎರಡೂ ಕಡೆ ಕೆಳಕ್ಕೆ ಚಾಚಿಕೊಂಡಿವೆ. ಥೇಟ್ ಹಳೇ ಕಾಲದ ಅಮಲ್ದಾರರ ಮೀಸೆ.

ನಮ್ಮ ಯಜಮಾನರು "ಎಲ್ಲಾ ಒಂದೇ ಹಕ್ಕಿ, ಇಲ್ಲಿನ ಬಿಸಿಲಿಗೆ ನಿನಗೆ ಹಾಗೆ ಕಾಣುತ್ತೆ" ಅನ್ನುತ್ತಾರೆ. ಫೋಟೋ ತೆಗೆಯೋಣ ಅಂದರೆ ನಿಲ್ಲುವುದಿಲ್ಲ ಪುಣ್ಯಾತ್ಮ. ಯಾರು ಸರಿ?

ಕ್ಯಾಮೆರಾ ಕಣ್ಣು
ನೀವು ಸರಿ ಅಕ್ಕ. ಎರಡು ಬೇರೆ ಬೇರೆ. ಸನ್ನಿವೇಲ್‌ನಲ್ಲಿ ನೋಡಿದ್ದು ಆನಾಸ್ ಹಮ್ಮಿಂಗ್‌ಬರ್ಡ್. ಈಗ ಬರುತ್ತಿರುವುದು ಕೋಸ್ಟಾಸ್ ಹಮ್ಮಿಂಗ್‌ಬರ್ಡ್. ಆ ಮೀಸೆ ನೋಡಿದ ಮೇಲೆ ಇನ್ನೇನೂ ಕೇಳುವುದೇ ಬೇಡ.

ಆದರೆ ದಾಯಾದಿಗಳು. ಕ್ಯಾಲಿಪ್ಟೆ ಅನ್ನುವ ಕುಲದಲ್ಲಿ ಇರುವುದೇ ಇವೆರಡು. ಒಮ್ಮೊಮ್ಮೆ ಕೂಡಿ ಮಿಶ್ರ ಮರಿಗಳನ್ನೂ ಮಾಡುತ್ತವೆ.

ಬೋರೇಗೌಡ ಬೇ ಏರಿಯಾ
ಆನಾ ಅಂದರೆ ನಾಲ್ಕಾಣೆ ಎಂಟಾಣೆಯ ಆಣೆನಾ? ತೂಕ ನೋಡಿದರೆ ಹೌದು ಅನ್ನಿಸುತ್ತೆ 😄

ಕ್ಯಾಮೆರಾ ಕಣ್ಣು
ಆನಾ ಅನ್ನುವುದು ಒಬ್ಬ ಫ್ರೆಂಚ್ ಡಚೆಸ್ ಹೆಸರು, ಆನಾ ಮಸೇನಾ. ಹೆಸರಿಟ್ಟವರು ಲೆಸ್ಸೊಂ ಅನ್ನುವ ಫ್ರೆಂಚ್ ಪಕ್ಷಿತಜ್ಞ, 1829ರಲ್ಲಿ. ಕೋಸ್ಟಾ ಕೂಡ ಒಬ್ಬ ಜಮೀನ್ದಾರ, ಹಕ್ಕಿ ಸಂಗ್ರಹಿಸುವ ಹುಚ್ಚಿದ್ದವರು. ಆ ಹೆಸರು ಬಂದದ್ದು 1839ರಲ್ಲಿ. ಹಕ್ಕಿ ಅಮೆರಿಕದ್ದು, ಹೆಸರು ಯೂರೋಪಿನ ದೊಡ್ಡ ಮನೆಯವರದ್ದು.

ತೂಕಕ್ಕೆ ಆಣೆ ಬೇಡ, ಇಲ್ಲಿನ ನಾಣ್ಯವೇ ಇದೆ. ಆನಾ ನಾಲ್ಕು ಗ್ರಾಂ ಚಿಲ್ಲರೆ. ಐದು ಸೆಂಟಿನ ನಿಕಲ್ ನಾಣ್ಯ ಐದು ಗ್ರಾಂ, ಅದಕ್ಕಿಂತ ಕಡಿಮೆ. ಕೋಸ್ಟಾ ಸುಮಾರು ಮೂರು ಗ್ರಾಂ. ಒಂದು ಸೆಂಟಿನ ಪೆನ್ನಿ ಎರಡೂವರೆ ಗ್ರಾಂ, ಅದಕ್ಕಿಂತ ಚೂರು ಜಾಸ್ತಿ. ಒಂದು ಗ್ರಾಂ ವ್ಯತ್ಯಾಸ ಅಂದರೆ ನಮಗೆ ಏನೂ ಅಲ್ಲ. ಅವುಗಳ ಲೆಕ್ಕದಲ್ಲಿ ಅಣ್ಣನಿಗೂ ತಮ್ಮನಿಗೂ ಇರುವ ಅಂತರ.

ಸುಮ್ನಿರು ಗುರು
ಯಜಮಾನರ ಪರ ಒಂದು ಮಾತು. ಆ ಬಣ್ಣ ಗರಿಯಲ್ಲಿರುವ ಬಣ್ಣವೇ ಅಲ್ಲ. ಗರಿಯೊಳಗಿನ ತೆಳ್ಳನೆಯ ಪದರಗಳಿಗೆ ಬೆಳಕು ಬಡಿದು ವಾಪಸ್ ಬರುವಾಗ ಹುಟ್ಟುವ ಹೊಳಪು, ಸೋಪಿನ ಗುಳ್ಳೆಯ ಮೇಲಿನ ಬಣ್ಣದ ಹಾಗೆ. ಹಕ್ಕಿ ಕತ್ತು ತಿರುಗಿಸಿದರೆ ಅದೇ ಗಂಟಲು ಕಪ್ಪು ಕಾಣುತ್ತದೆ. ಕೋನ ಬದಲಾದಂತೆ ಬಣ್ಣ ಬದಲಾಗುವುದು ಪೂರ್ತಿ ನಿಜ. ಹಾಗಾಗಿ ಅವರಿಗೆ ಅರ್ಧ ಮಾರ್ಕ್ಸ್ ಕೊಡಿ.

ಮರಳುಗಾಡಿನ ಮಲ್ಲಿಗೆ
ಅರ್ಧ ಮಾರ್ಕ್ಸ್ ಅಂತ ಓದಿ ಹೇಳಿದೆ. "ನಾನು ಪಾಸ್" ಅಂತ ಕಾಫಿ ಹಿಡಿದುಕೊಂಡು ಓಡಾಡುತ್ತಿದ್ದಾರೆ. ನಿಮಗೆ ಯಾಕೆ ಬೇಕಿತ್ತು ಗುರುಗಳೇ!

ಮೈಸೂರು ಪಾಕ
ಇದಕ್ಕೆಲ್ಲ ಅಮೆರಿಕಕ್ಕೆ ಯಾಕೆ ಹೋಗಬೇಕು? ನಮ್ಮ ಕುವೆಂಪುನಗರದ ಮನೆಯಲ್ಲೇ ಹಮ್ಮಿಂಗ್‌ಬರ್ಡ್ ಇದೆ. ದಿನಾ ಬೆಳಿಗ್ಗೆ ದಾಸವಾಳಕ್ಕೆ ಬರುತ್ತೆ. ನೇರಳೆ ಬಣ್ಣ, ಉದ್ದ ಕೊಕ್ಕು.

ಶಿರಸಿ ಕಾಡುಪಾಪ
ಅದು ಸೂರಕ್ಕಿ ಮಾರಾಯ್ರೆ. ಹಮ್ಮಿಂಗ್‌ಬರ್ಡ್ ಅಲ್ಲ.

ಮೈಸೂರು ಪಾಕ
ಗಾಳಿಯಲ್ಲಿ ನಿಂತು ಹೂವಿನ ರಸ ಕುಡಿಯುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಶಿರಸಿ ಕಾಡುಪಾಪ
ಸೂರಕ್ಕಿಯೂ ಎರಡು ಕ್ಷಣ ನಿಲ್ಲುತ್ತದೆ, ಆಮೇಲೆ ಕೊಂಬೆ ಹಿಡಿಯುತ್ತದೆ. ಹಮ್ಮಿಂಗ್‌ಬರ್ಡ್ ಕುಡಿದು ಮುಗಿಸುವವರೆಗೂ ಗಾಳಿಯಲ್ಲೇ ಇರುತ್ತದೆ, ಬೇಕಾದರೆ ಹಿಮ್ಮುಖವಾಗಿಯೂ ಹಾರುತ್ತದೆ. ರೆಕ್ಕೆ ಮೇಲೆ ಹೋಗುವಾಗಲೂ ಮೈಯನ್ನು ಎತ್ತಿ ಹಿಡಿಯುತ್ತದೆ. ಭಾರದ ಮುಕ್ಕಾಲು ಪಾಲು ಕೆಳಬಡಿತಕ್ಕೆ, ಕಾಲು ಪಾಲು ಮೇಲ್ಬಡಿತಕ್ಕೆ ಅಂತ ಅಳೆದಿದ್ದಾರೆ. ಬೇರೆ ಹಕ್ಕಿಗಳಿಗೆ ಮೇಲ್ಬಡಿತ ಬಹುಪಾಲು ಖಾಲಿ ಕೆಲಸ.

ಸಂಬಂಧವೂ ಇಲ್ಲ. ಸೂರಕ್ಕಿ ಗುಬ್ಬಿ, ಕಾಗೆಗಳ ದೊಡ್ಡ ಗುಂಪಿಗೆ ಸೇರಿದ್ದು. ಹಮ್ಮಿಂಗ್‌ಬರ್ಡ್‌ನ ಹತ್ತಿರದ ನೆಂಟ ನಮ್ಮ ಹಳೇ ದೇವಸ್ಥಾನದ ಮಾಡಿನಲ್ಲಿ ಗೂಡು ಕಟ್ಟುವ ಬಾನಾಡಿ, ಇಂಗ್ಲಿಷಿನ ಸ್ವಿಫ್ಟ್. ಹೂವಿನ ರಸಕ್ಕೆ ಉದ್ದ ಕೊಕ್ಕು ಬೇಕಲ್ಲ, ಹಾಗಾಗಿ ಎರಡು ಕಡೆಯೂ ಒಂದೇ ವೇಷ ಆಗಿದೆ. ಹಮ್ಮಿಂಗ್‌ಬರ್ಡ್ 350ಕ್ಕೂ ಹೆಚ್ಚು ಬಗೆ ಇವೆ. ಎಲ್ಲವೂ ಅಮೆರಿಕ ಖಂಡಗಳಲ್ಲೇ.

ಸುಮ್ನಿರು ಗುರು
ಈಗ ಎಲ್ಲವೂ ಅಲ್ಲೇ ಅನ್ನಿ. ಜರ್ಮನಿಯಲ್ಲಿ ಸುಮಾರು ಮೂರು ಕೋಟಿ ವರ್ಷ ಹಳೆಯ ಹಮ್ಮಿಂಗ್‌ಬರ್ಡ್ ಪಳೆಯುಳಿಕೆ ಸಿಕ್ಕಿದೆ. ಒಂದು ಕಾಲಕ್ಕೆ ಈ ಕಡೆಯೂ ಇದ್ದವು.

ಮೈಸೂರು ಪಾಕ
ನೋಡಿ, ಹಾಗಾದರೆ ಕುವೆಂಪುನಗರದಲ್ಲೂ ಇರಬಹುದು 😀

ಹಾಲಕ್ಕಿ
ನಮ್ಮ ಊರಿನಲ್ಲಿ ಸಂಜೆ ಹೊತ್ತು ಒಂದು ಪತಂಗ ಬರುತ್ತದೆ. ಹೂವಿನ ಮುಂದೆ ಗುಂಯ್ ಅಂತ ನಿಂತು ಸೊಂಡಿಲು ಚಾಚುತ್ತದೆ. ನಮ್ಮ ಚಿಕ್ಕಪ್ಪ ವಾಟ್ಸಾಪಿನಲ್ಲಿ "ಭಾರತದಲ್ಲಿ ಮೊದಲ ಹಮ್ಮಿಂಗ್‌ಬರ್ಡ್" ಅಂತ ಹಾಕಿ ಮುನ್ನೂರು ಜನಕ್ಕೆ ಕಳಿಸಿದ್ದರು. ಮೀಸೆ ತರ ಎರಡು ಕೊಂಬು ಇತ್ತು ಅಂತ ಹೇಳಿದರೂ ಒಪ್ಪಲಿಲ್ಲ.

ಸಿಯಾಟಲ್ ಸೋನೆ
ವಿಷಯಕ್ಕೆ ಬರೋಣ. ನನಗೆ ಅರ್ಥವಾಗದ್ದು ಒಂದಿದೆ. ಆನಾ ನಮ್ಮ ಸಿಯಾಟಲ್‌ನಲ್ಲಿ ಹಿಮ ಬೀಳುವಾಗಲೂ ಇರುತ್ತದೆ. ಮಲ್ಲಿಗೆಯವರ ಫೀನಿಕ್ಸ್ ಕಡೆಯೂ ಇದೆ ಅನ್ನುತ್ತಾರೆ, ಅಲ್ಲಿ 45 ಡಿಗ್ರಿ. ಹಾಗಾದರೆ ಆನಾದ ಜಾಗ ಯಾವುದು? "ಕರಾವಳಿ ಹಕ್ಕಿ, ಮರಳುಗಾಡು ಹಕ್ಕಿ" ಅಂತ ಗೆರೆ ಎಳೆಯುವುದು ಹೇಗೆ?

ಕ್ಯಾಮೆರಾ ಕಣ್ಣು
ಒಳ್ಳೇ ಪ್ರಶ್ನೆ. ನನ್ನ ಪ್ರಕಾರ ಇಡೀ ಚರ್ಚೆಯ ತಿರುಳೇ ಇದು, ಬಣ್ಣ ಅಲ್ಲ.

ನೂರು ವರ್ಷದ ಹಿಂದೆ ಆನಾ ಗೂಡು ಕಟ್ಟುತ್ತಿದ್ದುದು ಹೆಚ್ಚಾಗಿ ಕ್ಯಾಲಿಫೋರ್ನಿಯಾದಲ್ಲಿ, ಅದರ ಕೆಳಗಿನ ಮೆಕ್ಸಿಕೋದ ಉತ್ತರ ಬಾಹಾದಲ್ಲಿ. ಕುರುಚಲು ಗುಡ್ಡ, ಓಕ್ ಮರ, ಚಳಿಗಾಲದ ಮಳೆ. ಆಮೇಲೆ ಜನ ಊರು ಕಟ್ಟಿದರು. ವರ್ಷವಿಡೀ ಹೂ ಬಿಡುವ ಗಿಡ ನೆಟ್ಟರು. ಆಸ್ಟ್ರೇಲಿಯಾದಿಂದ ನೀಲಗಿರಿ ತಂದು ಹಾಕಿದರು. ಅದು ಚಳಿಗಾಲದಲ್ಲಿ, ಬೇರೆ ಹೂ ಇಲ್ಲದ ಹೊತ್ತಲ್ಲಿ ಹೂ ಬಿಡುತ್ತದೆ. ಅದರ ಮೇಲೆ ಮನೆಮನೆಗೂ ಸಕ್ಕರೆ ನೀರಿನ ಫೀಡರ್. ಹಕ್ಕಿ ನಮ್ಮ ಹಿತ್ತಲುಗಳನ್ನು ಹಿಡಿದುಕೊಂಡು ಉತ್ತರಕ್ಕೆ ಕೆನಡಾವರೆಗೆ, ಪೂರ್ವಕ್ಕೆ ಅರಿಜೋನಾವರೆಗೆ ಬಂತು. ಅರಿಜೋನಾದಲ್ಲಿ ಗೂಡು ಕಟ್ಟಲು ಶುರು ಮಾಡಿದ್ದು 1960ರ ದಶಕದಲ್ಲಿ. ವ್ಯಾಂಕೂವರ್‌ನವರು 2017ರಲ್ಲಿ ಇದನ್ನು ಊರ ಹಕ್ಕಿ ಅಂತಲೇ ಆರಿಸಿಕೊಂಡರು.

ಕೋಸ್ಟಾ ಹಾಗಲ್ಲ. ಅದು ಸೊನೋರಾ, ಮೊಹಾವಿ ಮರಳುಗಾಡುಗಳ ಹೂವಿನ ಪಂಚಾಂಗ ನೋಡಿಕೊಂಡು ಬದುಕುತ್ತದೆ. ಚಳಿಗಾಲದ ಕೊನೆಗೆ ಚುಪರೋಸಾ ಪೊದೆ ಕೆಂಪಾಗುತ್ತದೆ, ಆಮೇಲೆ ಒಕೊಟಿಯೊ ಗಿಡದ ಕೋಲುಗಳ ತುದಿಗೆ ಬೆಂಕಿ ಹತ್ತಿದ ಹಾಗೆ ಹೂ. ಅಷ್ಟರಲ್ಲಿ ಗೂಡು, ಎರಡು ಮೊಟ್ಟೆ, ಮರಿ, ಎಲ್ಲಾ ಮುಗಿಸಬೇಕು. ಬೇಸಿಗೆ ಕಾಯಿತೋ, ಬಹಳಷ್ಟು ಕೋಸ್ಟಾಗಳು ಮರಳುಗಾಡು ಬಿಟ್ಟು ತಂಪಾದ ಕರಾವಳಿ ಕುರುಚಲಿನ ಕಡೆ ಹೊರಡುತ್ತವೆ.

ಅಂದರೆ ಮರಳುಗಾಡಿನ ಹಕ್ಕಿ ಬೇಸಿಗೆಯಲ್ಲಿ ಮರಳುಗಾಡು ಬಿಡುತ್ತದೆ. ಕರಾವಳಿಯಿಂದ ಬಂದ ಹಕ್ಕಿ ಫೀನಿಕ್ಸ್‌ನ ಸ್ಪ್ರಿಂಕ್ಲರ್ ನೀರು ನಂಬಿಕೊಂಡು ಅಲ್ಲೇ ಕೂರುತ್ತದೆ. ತಮಾಷೆ ಅಲ್ವಾ?

ಆಡುಸೋಗೆ
ಚುಪರೋಸಾ ಅಂದ ತಕ್ಷಣ ಬಂದೆ. ಅದು ಜಸ್ಟಿಸಿಯಾ ಕುಲದ ಗಿಡ. ನಮ್ಮ ಬೇಲಿಯ ಆಡುಸೋಗೆಯೂ ಅದೇ ಕುಲ. ಕೆಮ್ಮಿಗೆ ನಮ್ಮಜ್ಜಿ ಕಷಾಯ ಮಾಡುತ್ತಿದ್ದ ಗಿಡದ ನೆಂಟ ಅಲ್ಲಿ ಹಮ್ಮಿಂಗ್‌ಬರ್ಡ್‌ಗೆ ಊಟ ಹಾಕುತ್ತಿದೆ. ಚುಪರೋಸಾ ಅನ್ನುವ ಸ್ಪ್ಯಾನಿಷ್ ಹೆಸರನ್ನು ಮೆಕ್ಸಿಕೋದಲ್ಲಿ ಹಕ್ಕಿಗೂ ಹೇಳುತ್ತಾರೆ. ಗುಲಾಬಿ ಹೀರುವವನು ಅಂತ.

ಕೋಲಾರದ ಬೋರ್‌ವೆಲ್
ನೀಲಗಿರಿಗೆ ಥ್ಯಾಂಕ್ಸ್ ಹೇಳುವ ಒಂದು ಜೀವ ಆದರೂ ಸಿಕ್ಕಿತಲ್ಲ. ನಮ್ಮ ಕಡೆ ಅದನ್ನು ನೆಟ್ಟು ಅಂತರ್ಜಲ ಹೋಯಿತು ಅಂತ ಜನ ಬೈಯುವುದು ನಿಂತಿಲ್ಲ. ಸರ್ಕಾರ 2017ರಲ್ಲಿ ಹೊಸದಾಗಿ ನೆಡುವುದನ್ನೇ ನಿಲ್ಲಿಸಿತು. ನಮ್ಮ ತಾತ ಮೂರು ಎಕರೆ ಹಾಕಿದ್ದರು. ಬುಡ ಕೀಳಿಸುವುದಕ್ಕೆ ಜೆಸಿಬಿ ಬಾಡಿಗೆಯೇ...

ಬೋರೇಗೌಡ ಬೇ ಏರಿಯಾ
ಕೋಲಾರದಣ್ಣ, ಜೆಸಿಬಿ ಚರ್ಚೆಗೆ ಬೇರೆ ಕಡೆ ಬನ್ನಿ, ಅಲ್ಲಿ ನಾನೂ ಇದ್ದೇನೆ.

ಸಿಯಾಟಲ್ ಸೋನೆ
ಹಿಮದ ವಿಷಯ ನಾನು ಹೇಳಲೇಬೇಕು. ಎರಡು ವರ್ಷದ ಹಿಂದೆ ಡಿಸೆಂಬರ್ ಬೆಳಿಗ್ಗೆ ಬಾಗಿಲು ತೆಗೆದೆ. ಫೀಡರ್‌ಗೆ ಒಂದು ಆನಾ ತಲೆಕೆಳಗಾಗಿ ಬಾವಲಿ ತರ ನೇತಾಡುತ್ತಿದೆ. ಸತ್ತೇ ಹೋಯಿತು ಅಂತ ಮಗಳು ಅಳುವುದಕ್ಕೆ ಶುರು ಮಾಡಿದಳು. ನಾನು ಮಣ್ಣು ಮಾಡೋಣ ಅಂತ ರಟ್ಟಿನ ಡಬ್ಬ ಹುಡುಕುತ್ತಿದ್ದೆ. ಇಪ್ಪತ್ತು ನಿಮಿಷದ ಮೇಲೆ ಬಿಸಿಲು ತಾಗಿತು. ಮೈ ನಡುಗಿಸಿತು, ತಿರುಗಿ ಕೂತಿತು, ಹೊಟ್ಟೆ ತುಂಬಾ ಕುಡಿದು ಹೋಯಿತು. ನಾನು ಡಬ್ಬ ಹಿಡಿದುಕೊಂಡು ನಿಂತಿದ್ದೆ.

ಸುಮ್ನಿರು ಗುರು
ಅದಕ್ಕೆ ಟಾರ್ಪರ್ ಅನ್ನುತ್ತಾರೆ. ರಾತ್ರಿ ಚಳಿಗೆ ಮೈ ಬಿಸಿ ಇಳಿಸಿಕೊಂಡು ಜಡವಾಗಿ ಬಿಡುತ್ತವೆ. ಹಾರುವಾಗ ನಿಮಿಷಕ್ಕೆ ಸಾವಿರ ದಾಟುವ ಎದೆಬಡಿತ ಆಗ 50ರ ಆಸುಪಾಸಿಗೆ ಬರುತ್ತದೆ. ಕೋಸ್ಟಾವೂ ಮಾಡುತ್ತದೆ. ಮರಳುಗಾಡಿನ ರಾತ್ರಿ ಕಡಿಮೆ ಚಳಿಯೇನಲ್ಲ. ಆಂಡೀಸ್ ಬೆಟ್ಟದ ಒಂದು ಜಾತಿಯಲ್ಲಿ ಮೈ ಬಿಸಿ ಸುಮಾರು 3.3 ಡಿಗ್ರಿಗೆ ಇಳಿದದ್ದನ್ನು ಅಳೆದಿದ್ದಾರೆ. ಫ್ರಿಜ್‌ನಲ್ಲಿಟ್ಟ ಮೊಸರಿನಷ್ಟು ತಣ್ಣಗೆ.

ಮುಂದೆ ಹಾಗೆ ಕಂಡರೆ ಮುಟ್ಟಬೇಡಿ. ಮಣ್ಣಂತೂ ಮಾಡಲೇಬೇಡಿ.

ನ್ಯೂಜೆರ್ಸಿ ನಂಜಮ್ಮ
ನಿಮಗೆಲ್ಲ ಎರಡೆರಡು ಬಗೆ. ನಮ್ಮ ಪೂರ್ವ ಕರಾವಳಿಯಲ್ಲಿ ಗೂಡು ಕಟ್ಟುವುದು ಒಂದೇ, ಕೆಂಪು ಗಂಟಲಿನ ರೂಬಿ ಥ್ರೋಟೆಡ್. ಅದೂ ಏಪ್ರಿಲ್ ಕೊನೆಗೆ ಬಂದು ಚಳಿಗೆ ಮುಂಚೆ ಹೋಗಿಬಿಡುತ್ತದೆ. ಮೂರು ಗ್ರಾಂ ಹಕ್ಕಿ, ಗಲ್ಫ್ ಆಫ್ ಮೆಕ್ಸಿಕೋ ಮೇಲೆ ಎಲ್ಲೂ ಇಳಿಯದೆ ಎಂಟುನೂರು ಕಿಲೋಮೀಟರ್ ದಾಟುತ್ತದೆ. ನಾನು ಎಡಿಸನ್‌ನಿಂದ ಪಾರ್ಸಿಪನಿಗೆ ಹೋಗುವುದಕ್ಕೇ ಗೊಣಗುತ್ತೇನೆ.

ಹಾಸನದ ಮೊಮ್ಮಗ
ಒಂದು ಪ್ರಶ್ನೆ. ನಮ್ಮಮ್ಮ ಊರಿಂದ ಬಂದಿದ್ದಾರೆ, ಸ್ಯಾನ್ ಡಿಯಾಗೋದಲ್ಲಿದ್ದೇವೆ. ಬಿಳಿ ಸಕ್ಕರೆ ಒಳ್ಳೆಯದಲ್ಲ ಅಂತ ಫೀಡರ್‌ಗೆ ಬೆಲ್ಲದ ಪಾನಕ ಹಾಕಿಟ್ಟಿದ್ದಾರೆ. ಏಲಕ್ಕಿಯನ್ನೂ ಹಾಕಿದ್ದಾರೆ ಅಂತ ಅನುಮಾನ. ತೊಂದರೆ ಇಲ್ಲವಾ?

ಆಡುಸೋಗೆ
ತೊಂದರೆ ಇದೆ. ಈಗಲೇ ಚೆಲ್ಲಿ. ಬೆಲ್ಲ, ಕಂದು ಸಕ್ಕರೆ ಯಾವುದೂ ಬೇಡ, ಕಬ್ಬಿಣದ ಅಂಶ ಈ ಹಕ್ಕಿಗಳಿಗೆ ಆಗುವುದಿಲ್ಲ. ಜೇನುತುಪ್ಪವೂ ಬೇಡ, ನೀರು ಬೆರೆಸಿದರೆ ಬೇಗ ಹುಳಿ ಬಂದು ಬೂಷ್ಟು ಹಿಡಿಯುತ್ತದೆ. ಕೆಂಪು ಬಣ್ಣ ಹಾಕುವುದೂ ಬೇಡ. ನಾಲ್ಕು ಲೋಟ ನೀರಿಗೆ ಒಂದು ಲೋಟ ಮಾಮೂಲಿ ಬಿಳಿ ಸಕ್ಕರೆ, ಅಷ್ಟೇ. ಬಿಸಿಲು ಕಾಲದಲ್ಲಿ ಎರಡು ದಿನಕ್ಕೊಮ್ಮೆ ತೊಳೆದು ಬದಲಾಯಿಸಿ. ಅಮ್ಮನಿಗೆ ಹೇಳಿ, ರಾಮನವಮಿ ಮನುಷ್ಯರಿಗೆ ಮಾತ್ರ.

ಹಾಸನದ ಮೊಮ್ಮಗ
ಹೇಳಿದೆ. "ನಿನಗೆ ಚಿಕ್ಕವನಿದ್ದಾಗ ಇದನ್ನೇ ಕುಡಿಸಿದ್ದು, ಏನಾಗಿದೆ?" ಅಂದರು. ಉತ್ತರ ಹೊಳೆಯಲಿಲ್ಲ. ಪಾನಕ ನಾನು ಕುಡಿದೆ. ಏಲಕ್ಕಿ ಇತ್ತು.

ಪ್ಲೇನ್ ಪ್ರಭಾಕರ
ಗಂಡು ಆನಾ ಮೇಲಿಂದ ಧುಮುಕುವುದನ್ನು ಯಾರೂ ಹೇಳಲಿಲ್ಲವಲ್ಲ. ಪ್ರಪಂಚದಲ್ಲೇ ಅತಿ ವೇಗದ ಹಕ್ಕಿ ಇದು.

ಸುಮ್ನಿರು ಗುರು
ತಪ್ಪು. ಅತಿ ವೇಗದ್ದು ಪೆರಿಗ್ರಿನ್ ಡೇಗೆ. ಆನಾದ್ದು ಸೆಕೆಂಡಿಗೆ 27 ಮೀಟರ್, ಗಂಟೆಗೆ ನೂರು ಕಿಲೋಮೀಟರ್ ಹತ್ತಿರ. ಮೈಯುದ್ದಕ್ಕೆ ಹೋಲಿಸಿದರೆ ಮಾತ್ರ ಡೇಗೆಯನ್ನೂ ಮೀರಿಸುತ್ತದೆ, ಸೆಕೆಂಡಿಗೆ 385 ಮೈಯುದ್ದ. ಅಳೆದು ಬರೆದದ್ದು ಕ್ರಿಸ್ಟೋಫರ್ ಕ್ಲಾರ್ಕ್, 2009ರಲ್ಲಿ.

ಪ್ಲೇನ್ ಪ್ರಭಾಕರ
ಅದನ್ನೇ ನಾನು ಹೇಳಿದ್ದು.

ಸುಮ್ನಿರು ಗುರು
ಹೇಳಿದ್ದು ಅದಲ್ಲ. ಇರಲಿ.

ಕ್ಯಾಮೆರಾ ಕಣ್ಣು
ಜಗಳ ಬೇಡ, ಈ ಧುಮುಕಾಟದಲ್ಲೇ ಎರಡು ಹಕ್ಕಿಗಳ ಸ್ವಭಾವ ಚೆನ್ನಾಗಿ ಗೊತ್ತಾಗುತ್ತದೆ. ಆನಾ ಗಂಡು ಹತ್ತು ಮಹಡಿ ಎತ್ತರಕ್ಕೆ ಏರಿ, ಹೆಣ್ಣಿನ ಮೇಲೇ ಗುರಿ ಇಟ್ಟು ಬೀಳುತ್ತದೆ. ಕೆಳಗೆ ಬಂದಾಗ ಬಾಲ ಒಂದು ಕ್ಷಣ ಬಿಚ್ಚುತ್ತದೆ, ಚಿಕ್ ಅಂತ ಜೋರು ಶಬ್ದ. ಗಂಟಲಿನಿಂದ ಬಂದ ಶಬ್ದ ಅಂತ ಕೆಲವರು ವಾದಿಸುತ್ತಿದ್ದರು. ಬಾಲದ ಅಂಚಿನ ಗರಿಗಳು ಗಾಳಿಗೆ ನಡುಗಿ ಬರುವುದು ಅಂತ 2008ರಲ್ಲಿ ಕ್ಲಾರ್ಕ್ ಮತ್ತು ತೆರೇಸಾ ಫಿಯೋ ತೋರಿಸಿದರು. ಬಿಸಿಲಿದ್ದರೆ ಸೂರ್ಯನ ಕಡೆ ಮುಖ ಬರುವ ಹಾಗೆ ಧುಮುಕುತ್ತದೆ, ಬಣ್ಣ ಪೂರ್ತಿ ಹೊಳೆಯಲಿ ಅಂತ.

ಕೋಸ್ಟಾ ನೇರ ಮೇಲೆ ಬರುವುದಿಲ್ಲ, ಹೆಣ್ಣಿನ ಪಕ್ಕದಿಂದ ಬೀಳುತ್ತದೆ. ರೈಲು ಹತ್ತಿರ ಬಂದಾಗ ಶಿಳ್ಳೆ ಏರಿ, ದಾಟಿದ ಮೇಲೆ ಇಳಿಯುತ್ತದಲ್ಲ, ಪಕ್ಕದಿಂದ ಬಂದರೆ ಆ ಏರಿಳಿತ ಕಡಿಮೆ. ಅಂದರೆ ಎಷ್ಟು ವೇಗ ಅಂತ ಹೆಣ್ಣಿಗೆ ಸ್ವರದಿಂದ ಲೆಕ್ಕ ಸಿಗುವುದಿಲ್ಲ! ಹಾಡೂ ಅಷ್ಟೇ. ಆನಾ ಗೀರು ದನಿಯಲ್ಲಿ ಉದ್ದಕ್ಕೆ ಕೊರೆಯುತ್ತದೆ, ತುಕ್ಕು ಹಿಡಿದ ಬಾಗಿಲಿನ ಹಾಗೆ. ಕೋಸ್ಟಾ ತೆಳ್ಳಗೆ ಸೀಟಿ ಊದುತ್ತದೆ, ಏರಿ ಇಳಿದು ಮುಗಿಯಿತು.

ಬೋರೇಗೌಡ ಬೇ ಏರಿಯಾ
ಒಬ್ಬ ನಮ್ಮೂರ ಪುಢಾರಿ, ಇನ್ನೊಬ್ಬ ರೆಸ್ಯೂಮೆಯಲ್ಲಿ ಗ್ಯಾಪ್ ಮುಚ್ಚುವವನು. ಅರ್ಥವಾಯಿತು.

ಮರಳುಗಾಡಿನ ಮಲ್ಲಿಗೆ
ಎಷ್ಟೊಂದು ಉತ್ತರ! ಇನ್ನೊಂದು ಕಷ್ಟ. ಈಗ ಬಣ್ಣವೇ ಇಲ್ಲದ್ದೂ ಒಂದು ಬರುತ್ತಿದೆ. ಬೆನ್ನು ಹಸಿರು, ಹೊಟ್ಟೆ ಬೆಳ್ಳಗೆ. ಹೆಣ್ಣಿರಬೇಕು. ಆನಾದ್ದಾ, ಕೋಸ್ಟಾದ್ದಾ?

ಕ್ಯಾಮೆರಾ ಕಣ್ಣು
ಹೆಣ್ಣು ಅಂದರೆ ತಲೆನೋವು. ನನ್ನ ಹತ್ತು ವರ್ಷದ ಫೋಟೋಗಳಲ್ಲಿ ಅರ್ಧಕ್ಕೆ ಇನ್ನೂ ಹೆಸರು ಬರೆದಿಲ್ಲ. ಗಂಟಲ ನಡುವೆ ಕೆಂಪು ಚುಕ್ಕೆ, ಎದೆ ಪಕ್ಕ ಮಾಸಲು ಬೂದು ಹಸಿರು ಇದ್ದರೆ ಆನಾ ಅನ್ನಿ. ಕೆಳಮೈ ಒಗೆದಿಟ್ಟ ಹಾಗೆ ಸ್ವಚ್ಛ ಬಿಳಿ ಇದ್ದರೆ ಕೋಸ್ಟಾ ಇರಬಹುದು. ಕೂತಾಗ ಬಾಲ ನೋಡಿ. ಕೋಸ್ಟಾದ ಬಾಲ ಮೋಟು, ರೆಕ್ಕೆಯ ತುದಿ ಬಾಲದ ತುದಿಯನ್ನು ಮುಟ್ಟುತ್ತದೆ, ಕೆಲವೊಮ್ಮೆ ದಾಟುತ್ತದೆ. ಆನಾದಲ್ಲಿ ಬಾಲವೇ ಮುಂದೆ.

ಆಡುಸೋಗೆ
ಹೆಣ್ಣು ಬರುತ್ತಿದೆ ಅಂದರೆ ಹತ್ತಿರ ಗೂಡೂ ಇರಬಹುದು. ಗಂಡು ಗೂಡಿನ ಕಡೆ ತಲೆಯೂ ಹಾಕುವುದಿಲ್ಲ. ಕಟ್ಟುವುದು, ಕಾವು ಕೊಡುವುದು, ಉಣಿಸುವುದು ಎಲ್ಲಾ ಅವಳೇ. ಜೇಡರ ಬಲೆ ತಂದು ಹತ್ತಿಯಂಥ ಎಳೆಗಳನ್ನು ಹೆಣೆಯುತ್ತಾಳೆ. ಮರಿ ಬೆಳೆದ ಹಾಗೆ ಗೂಡೂ ಹಿಗ್ಗುತ್ತದೆ.

ಹಾಲಕ್ಕಿ
ನಮ್ಮ ಕಸಿನ್ ಹತ್ತಿರ ಒಂದು ಖಾಲಿ ಗೂಡು ಇದೆ. ಶೋಕೇಸ್‌ನಲ್ಲಿ ಚನ್ನಪಟ್ಟಣದ ಗೊಂಬೆ ಪಕ್ಕ ಇಟ್ಟಿದ್ದಾರೆ. ಅರ್ಧ ಆಕ್ರೋಟಿನಷ್ಟು ಇದೆ.

ಸುಮ್ನಿರು ಗುರು
ಖಾಲಿಯಾದರೂ ಇಟ್ಟುಕೊಳ್ಳುವ ಹಾಗಿಲ್ಲ. ಅಮೆರಿಕದ 1918ರ ವಲಸೆ ಹಕ್ಕಿಗಳ ಕಾಯ್ದೆ ಪ್ರಕಾರ ಗೂಡು, ಗರಿ, ಮೊಟ್ಟೆ ಯಾವುದೂ ಮನೆಯಲ್ಲಿ ಇರಬಾರದು. ಕಸಿನ್‌ಗೆ ಮೆತ್ತಗೆ ಹೇಳಿ.

ಹಾಲಕ್ಕಿ
ಯಾವ ಊರು ಅಂತ ನಾನು ಹೇಳಿಲ್ಲ, ಗಮನಿಸಿ 🙏

ಮರಳುಗಾಡಿನ ಮಲ್ಲಿಗೆ
ಇವತ್ತು ತೀರ್ಪು ಬಂತು. ಬೆಳಿಗ್ಗೆ ಏಳೂವರೆಗೆ ಯಜಮಾನರೇ ಕಿಟಕಿಯಿಂದ ಕೂಗಿದರು. ಒಂದೇ ಫೀಡರ್‌ಗೆ ಎರಡು ಗಂಡು, ಒಂದು ಕೆಂಪು, ಒಂದು ನೇರಳೆ ಮೀಸೆ. ಅಕ್ಕಪಕ್ಕ ಅರ್ಧ ಕ್ಷಣ. ಆಮೇಲೆ ಕೆಂಪಿನವನು ಮೀಸೆಯವನನ್ನು ಪಕ್ಕದ ಮನೆ ಗೋಡೆವರೆಗೂ ಅಟ್ಟಿದ. ಯಜಮಾನರು ಒಂದು ಮಾತೂ ಆಡದೆ ದೋಸೆ ತಿಂದರು. ಆದರೆ ಪಾಪ, ಚಿಕ್ಕದಕ್ಕೆ ಕುಡಿಯುವುದಕ್ಕೇ ಬಿಡುತ್ತಿಲ್ಲ.

ಆಡುಸೋಗೆ
ಎರಡನೇ ಫೀಡರ್ ಹಾಕಿ. ಒಂದರಿಂದ ಇನ್ನೊಂದು ಕಾಣಬಾರದು, ಮನೆಯ ಆಚೆ ಮಗ್ಗುಲಿಗೆ ಇರಲಿ. ಆನಾ ಎರಡು ಕಡೆ ಕಾವಲು ಕಾಯಲು ಆಗುವುದಿಲ್ಲ. ಜಾಗ ಇದ್ದರೆ ಒಂದು ಚುಪರೋಸಾ ಗಿಡವನ್ನೂ ನೆಡಿ. ನೀರು ಜಾಸ್ತಿ ಬೇಡ ಅದಕ್ಕೆ.

ಮರಳುಗಾಡಿನ ಮಲ್ಲಿಗೆ
ಮೇ ತಿಂಗಳ ವರದಿ. ಎರಡನೇ ಫೀಡರ್ ಹಾಕಿದ ಮೇಲೆ ಮೀಸೆಯವನು ಆರಾಮಾಗಿ ಬರುತ್ತಿದ್ದ. ಹೋದ ವಾರದಿಂದ ಪತ್ತೆ ಇಲ್ಲ. ಇಲ್ಲಿ ಈಗಲೇ 39 ಡಿಗ್ರಿ. ಕೆಂಪಿನವನು ಈಗ ಎರಡೂ ಫೀಡರ್ ನನ್ನದೇ ಅಂತ ಓಡಾಡುತ್ತಿದ್ದಾನೆ. ಮೀಸೆಯವನಿಗೆ ಏನಾದರೂ ಆಗಿರಬಹುದಾ?

ಕ್ಯಾಮೆರಾ ಕಣ್ಣು
ಏನೂ ಆಗಿರಲಿಕ್ಕಿಲ್ಲ, ಹೊರಟಿರುತ್ತಾನೆ. ಊರಿನ ತೋಟಗಳಲ್ಲಿ ಕೆಲವು ವರ್ಷವಿಡೀ ಉಳಿಯುತ್ತವೆ, ನಿಮ್ಮವನು ಹಳೇ ಸಂಪ್ರದಾಯದವನು ಅನ್ನಿಸುತ್ತದೆ. ಚಳಿ ಶುರುವಾದ ಮೇಲೆ ಕಣ್ಣಿಟ್ಟಿರಿ.

ಮರಳುಗಾಡಿನ ಮಲ್ಲಿಗೆ
ಎರಡನೇ ಫೀಡರ್ ತೊಳೆದು ಎತ್ತಿಡಲಾ ಅಂತ ಕೇಳಿದೆ. ಯಜಮಾನರು ಬೇಡ ಅಂದರು. ಚುಪರೋಸಾ ಎಲ್ಲಿ ಸಿಗುತ್ತದೆ ಅಂತ ಫೋನಿನಲ್ಲಿ ಹುಡುಕುತ್ತಿದ್ದಾರೆ.